ದಾದಿ ಯಾವಾಗ ಬರ್ತಾರೆ?: ಪುಟ್ಟ ಮಕ್ಕಳಿಗೆ ಹುಟ್ಟು ಸಾವು ತಿಳಿಸುವ ಚಿತ್ರಪುಸ್ತಕಗಳು

ಮನೆಯಲ್ಲಿ ಸಾವು ಸಂಭವಿಸಿದಾಗ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಬಂದುಬಿಡುತ್ತದೆ. ಗಂಡಸರು ಕಬರಸ್ತಾನದ ಕಡೆ ಓಡುತ್ತಾರೆ, ದೂರದ ಸಂಬಂಧಿಕರಿಗೆ ಫೋನ್ ಮಾಡುತ್ತಾರೆ. ಒಳಗೆ ಗುಸುಲ್ ಮತ್ತು ಕಫನ್‌ನ ಸಿದ್ಧತೆ ನಡೆಯುತ್ತದೆ. ನೆರೆಮನೆಯವರು ಚಹಾ, ಊಟದ ಹೊಣೆ ಹೊತ್ತುಕೊಳ್ಳುತ್ತಾರೆ. ಈ ಗಡಿಬಿಡಿಯಲ್ಲಿ ಯಾರಾದರೊಬ್ಬರು ಪಿಯುಸಿ ಓದುವ ಹುಡುಗನನ್ನೋ ಹುಡುಗಿಯನ್ನೋ ಕರೆದು, ಮೂರು ನಾಲ್ಕು ಪುಟ್ಟ ಮಕ್ಕಳನ್ನು ಕೈಗೊಪ್ಪಿಸಿ, "ಇವರನ್ನು ಪಕ್ಕದ ಮನೆಗೆ ಕರ್ಕೊಂಡು ಹೋಗು" ಎನ್ನುತ್ತಾರೆ. ಮುಸ್ಲಿಮರ ಮನೆಯಾಗಲಿ, ಹಿಂದೂಗಳ ಮನೆಯಾಗಲಿ, ಕ್ರೈಸ್ತರ ಮನೆಯಾಗಲಿ, ಈ ಕೆಲಸ ಬರುವುದು ನಮ್ಮ ವಯಸ್ಸಿನವರಿಗೇ.

ಪಕ್ಕದ ಮನೆ ತಲುಪುವ ಮೊದಲೇ ಪ್ರಶ್ನೆಗಳು ಶುರು. "ದಾದಿ ಯಾಕೆ ಏಳ್ತಾ ಇಲ್ಲ?" "ಅಮ್ಮಿ ಯಾಕೆ ಅಳ್ತಾ ಇದ್ದಾರೆ?" "ದಾದಿ ಯಾವಾಗ ಬರ್ತಾರೆ?" ಉತ್ತರ ಹೊಳೆಯದೆ ನಾವು ಬಾಯಿಗೆ ಬಂದದ್ದನ್ನು ಹೇಳುತ್ತೇವೆ. ದಾದಿ ಮಲಗಿದ್ದಾರೆ. ದಾದಿ ದೂರದ ಊರಿಗೆ ಹೋಗಿದ್ದಾರೆ. ದಾದಿ ನಕ್ಷತ್ರ ಆಗಿದ್ದಾರೆ. ಇಲ್ಲವೇ ಮೊಬೈಲ್ ಕೊಟ್ಟು ಕೂರಿಸುತ್ತೇವೆ. ಮಗು ಅಷ್ಟು ಹೊತ್ತಿಗೆ ಸುಮ್ಮನಾಗುತ್ತದೆ. ಆದರೆ ಪ್ರಶ್ನೆ ಹಾಗೇ ಉಳಿಯುತ್ತದೆ.

ಮಕ್ಕಳ ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಲು ಪ್ರಯತ್ನಿಸಿದ ಚಿತ್ರಪುಸ್ತಕಗಳು ಜಗತ್ತಿನ ಹಲವು ಭಾಷೆಗಳಲ್ಲಿವೆ. ಅವು ಏನು ಹೇಳುತ್ತವೆ, ಹೇಗೆ ಹೇಳುತ್ತವೆ, ಅವುಗಳಿಂದ ನಾವು ಏನು ಕಲಿಯಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ?

ಈ ಪ್ರಶ್ನೆಯನ್ನು ಮಕ್ಕಳನ್ನೇ ಕೇಳಿ ಅಧ್ಯಯನ ಮಾಡಿದ ಆರಂಭದ ಸಂಶೋಧಕರಲ್ಲಿ ಒಬ್ಬರು ಮರಿಯಾ ನಾಜ್ ಎಂಬ ಮನೋವಿಜ್ಞಾನಿ. ಹಂಗೇರಿಯ ಬುಡಾಪೆಸ್ಟ್ ನಗರ ಮತ್ತು ಅದರ ಸುತ್ತಮುತ್ತಲಿನ 3ರಿಂದ 10 ವರ್ಷದ 378 ಮಕ್ಕಳ ಮಾತು, ಬರಹ ಮತ್ತು ಚಿತ್ರಗಳನ್ನು ಅವರು ಸಂಗ್ರಹಿಸಿದರು. ಆ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಿಗೆ ಸಾವೆಂದರೆ ಒಂದು ಬಗೆಯ ನಿದ್ದೆ ಅಥವಾ ಪ್ರಯಾಣ. ಸತ್ತವರು ಬೇರೆಲ್ಲೋ ಇದ್ದಾರೆ, ಮರಳಿ ಬರಬಹುದು ಎಂದು ಅವರು ನಂಬುತ್ತಾರೆ. ಐದರಿಂದ ಒಂಬತ್ತರ ನಡುವಿನ ಅನೇಕ ಮಕ್ಕಳು ಸಾವನ್ನು ಬಂದು ಹಿಡಿದುಕೊಂಡು ಹೋಗುವ ಒಬ್ಬ ವ್ಯಕ್ತಿಯಂತೆ ಚಿತ್ರಿಸಿಕೊಳ್ಳುತ್ತಿದ್ದರು. ಸಾವು ಎಲ್ಲರಿಗೂ ಬರುತ್ತದೆ, ಅದು ದೇಹದ ಕೊನೆ ಎಂಬ ತಿಳಿವಳಿಕೆ ಒಂಬತ್ತರ ಹೊತ್ತಿಗೆ ಮೂಡುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು.

ನಂತರ ಬಂದ ಸಂಶೋಧಕರು ಈ ತೀರ್ಮಾನವನ್ನು ತಿದ್ದಿದರು. ಅಲ್ಲಿಯವರೆಗೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್ 1984ರಲ್ಲಿ ಒಂದು ಲೇಖನ ಬರೆದರು. ಸಾವನ್ನು ಅರ್ಥ ಮಾಡಿಕೊಳ್ಳುವುದೆಂದರೆ ಮೂರು ವಿಷಯಗಳನ್ನು ತಿಳಿಯುವುದು ಎಂದು ಅವರು ವಿಂಗಡಿಸಿದರು.

ಒಂದು: ಸತ್ತವರು ಮತ್ತೆ ಬದುಕಿ ಬರುವುದಿಲ್ಲ.

ಎರಡು: ಸತ್ತ ದೇಹ ಉಸಿರಾಡುವುದಿಲ್ಲ, ಅದಕ್ಕೆ ಹಸಿವಾಗುವುದಿಲ್ಲ, ಚಳಿಯಾಗುವುದಿಲ್ಲ, ನೋವಾಗುವುದಿಲ್ಲ.

ಮೂರು: ಜೀವವಿರುವ ಎಲ್ಲಕ್ಕೂ ಸಾವು ಇದೆ.

ಹೆಚ್ಚಿನ ಮಕ್ಕಳಿಗೆ ಈ ಮೂರೂ ತಿಳಿಯುವುದು ಐದರಿಂದ ಏಳು ವರ್ಷದ ನಡುವೆ ಎಂದು ಅವರು ಹೇಳಿದರು. ಅಂದರೆ ಎಲ್‌ಕೆಜಿಯಿಂದ ಎರಡನೇ ತರಗತಿಯವರೆಗಿನ ಅವಧಿ. ಚಿತ್ರಪುಸ್ತಕಗಳನ್ನು ಓದುವ ವಯಸ್ಸೂ ಅದೇ.

ದೊಡ್ಡವರಿಗೆ ಈ ಮೂರು ವಿಷಯಗಳು ಹೇಳಬೇಕಾದ ಅಗತ್ಯವೇ ಇಲ್ಲದಷ್ಟು ಸಾಮಾನ್ಯ. ಮಗುವಿಗೆ ಹಾಗಲ್ಲ. ಎರಡನೆಯದು ಗೊತ್ತಿಲ್ಲದ ಮಗು, ಮಣ್ಣಿನ ಕೆಳಗೆ ದಾದಿಗೆ ಉಸಿರುಗಟ್ಟುವುದಿಲ್ಲವೇ, ಮಳೆ ಬಂದರೆ ನೆನೆಯುವುದಿಲ್ಲವೇ ಎಂದು ರಾತ್ರಿಯೆಲ್ಲ ಹೆದರಬಹುದು.

ನಮ್ಮ ಮಾತೇ ಮಗುವನ್ನು ದಾರಿ ತಪ್ಪಿಸುವ ಬಗೆ

ಕನ್ನಡದಲ್ಲಿ ಸಾವನ್ನು ಸಾವು ಎನ್ನದೆ ಹೇಳಲು ಎಷ್ಟೊಂದು ದಾರಿಗಳಿವೆ. ತೀರಿಕೊಂಡರು, ಹೋಗಿಬಿಟ್ಟರು, ಇನ್ನಿಲ್ಲ, ದೇವರ ಪಾದ ಸೇರಿದರು, ಲಿಂಗೈಕ್ಯರಾದರು. ನಮ್ಮ ಮನೆಗಳಲ್ಲಿ ವಫಾತ್ ಆದರು, ಇಂತಿಕಾಲ್ ಆಯಿತು, ಅಲ್ಲಾಹನ ಕಡೆಗೆ ಮರಳಿದರು ಎನ್ನುತ್ತೇವೆ. ಇವೆಲ್ಲ ಗೌರವದ ಮಾತುಗಳು, ದೊಡ್ಡವರ ನಡುವೆ ಇವು ಇರಲೇಬೇಕು. ಆದರೆ ನಾಲ್ಕು ವರ್ಷದ ಮಗು ಮಾತಿನ ಹಿಂದಿನ ಅರ್ಥವನ್ನು ಹುಡುಕುವುದಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ತೆಗೆದುಕೊಳ್ಳುತ್ತದೆ.

"ಹೋದರು" ಎಂಬ ಮಾತನ್ನೇ ನೋಡಿ. ನಮ್ಮಲ್ಲಿ ಮನೆಯಿಂದ ಹೊರಡುವವರು "ಹೋಗ್ತೇನೆ" ಎಂದರೆ ಹಿರಿಯರು ಗದರುತ್ತಾರೆ. "ಬರ್ತೇನೆ ಅನ್ನು" ಎಂದು ತಿದ್ದುತ್ತಾರೆ. ಹೋದವರೆಲ್ಲ ಬರುತ್ತಾರೆ ಎಂದು ಮಗು ಕಲಿತಿರುವುದೇ ಹೀಗೆ. ಅಂಥ ಮಗುವಿಗೆ "ದಾದಿ ಹೋದರು" ಎಂದರೆ ಅದು ಬಾಗಿಲ ಕಡೆ ನೋಡದೆ ಇನ್ನೇನು ಮಾಡೀತು? ಅಪ್ಪ ಸೌದಿಯಲ್ಲೋ ದುಬೈಯಲ್ಲೋ ಕೆಲಸಕ್ಕಿರುವ ಮನೆಯಲ್ಲಿ "ದೂರದ ಊರಿಗೆ ಹೋಗಿದ್ದಾರೆ" ಎಂಬ ಉತ್ತರ ಇನ್ನೂ ಕಷ್ಟದ್ದು. ದೂರದ ಊರಿನಿಂದ ಫೋನ್ ಬರುತ್ತದೆ, ರಜೆಯಲ್ಲಿ ಅಪ್ಪ ಬರುತ್ತಾರೆ. ದಾದಿಯ ಫೋನ್ ಮಾತ್ರ ಏಕೆ ಬರುವುದಿಲ್ಲ?

"ಮಲಗಿದ್ದಾರೆ" ಎಂದರೆ ಮಗು ತಾನು ಮಲಗಲು ಹೆದರಬಹುದು. "ಹುಷಾರಿರಲಿಲ್ಲ, ಅದಕ್ಕೆ ಸತ್ತರು" ಎಂದಷ್ಟೇ ಹೇಳಿದರೆ ತನಗೆ ಜ್ವರ ಬಂದಾಗ ತಾನೂ ಸಾಯುತ್ತೇನೆ ಎಂದುಕೊಳ್ಳಬಹುದು. ಏನೂ ಹೇಳದಿದ್ದರೆ ಅದಕ್ಕಿಂತ ಕಷ್ಟ. "ನಾನು ಗಲಾಟೆ ಮಾಡಿದ್ದಕ್ಕೆ ಹೀಗಾಯಿತು" ಎಂದು ಪುಟ್ಟ ಮಕ್ಕಳು ತಮ್ಮನ್ನೇ ದೂರಿಕೊಳ್ಳುವುದು ಅಪರೂಪವಲ್ಲ.

ಈ ವಿಷಯದಲ್ಲಿ ಅಮೆರಿಕದ ಮಕ್ಕಳ ಟಿ.ವಿ. ಕಾರ್ಯಕ್ರಮ 'ಸೆಸಮೆ ಸ್ಟ್ರೀಟ್' ಒಂದು ಒಳ್ಳೆಯ ಉದಾಹರಣೆ. ಅದರಲ್ಲಿ ಅಂಗಡಿಯ ಮಿಸ್ಟರ್ ಹೂಪರ್ ಪಾತ್ರ ಮಾಡುತ್ತಿದ್ದ ನಟ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೂಪರ್ ಊರು ಬಿಟ್ಟು ಹೋದರು ಎಂದು ತೋರಿಸಿ ವಿಷಯ ಮುಗಿಸಬಹುದಿತ್ತು. ಕಾರ್ಯಕ್ರಮದವರು ಹಾಗೆ ಮಾಡಲಿಲ್ಲ. 1983ರ ನವೆಂಬರ್ 24ರಂದು ಪ್ರಸಾರವಾದ ಕಂತಿನಲ್ಲಿ 'ಬಿಗ್ ಬರ್ಡ್' ಎಂಬ ದೊಡ್ಡ ಹಳದಿ ಹಕ್ಕಿ ತನ್ನ ಗೆಳೆಯರೆಲ್ಲರ ಚಿತ್ರ ಬರೆದು ತಂದು ಹಂಚುತ್ತದೆ. ಹೂಪರ್‌ಗೂ ಒಂದು ಚಿತ್ರ ಇಟ್ಟುಕೊಂಡು, ಅವರು ಬಂದ ಮೇಲೆ ಕೊಡುತ್ತೇನೆ ಎನ್ನುತ್ತದೆ. ಆಗ ದೊಡ್ಡವರು, ಹೂಪರ್ ಸತ್ತಿದ್ದಾರೆ, ಸತ್ತವರು ಮರಳಿ ಬರುವುದಿಲ್ಲ ಎಂದು ಸುತ್ತುಬಳಸಿಲ್ಲದೆ ಹೇಳುತ್ತಾರೆ. ಹೇಳುವಾಗ ಅವರ ಕಣ್ಣಲ್ಲೂ ನೀರಿರುತ್ತದೆ. ಈ ಕಥೆ ಮುಂದೆ ಚಿತ್ರಪುಸ್ತಕವಾಗಿಯೂ ಬಂತು.

ಎಲ್ಲಕ್ಕೂ ಅದರದರ ಆಯುಷ್ಯ

ಹುಟ್ಟು ಸಾವನ್ನು ಪರಿಚಯಿಸುವ ಪುಸ್ತಕಗಳಲ್ಲಿ ಬಹಳ ಸರಳವಾದದ್ದು 'ಲೈಫ್‌ಟೈಮ್ಸ್'. 1983ರಲ್ಲಿ ಬಂದ ಇದನ್ನು ಬರೆದವರು ಬ್ರಯನ್ ಮೆಲೋನಿ, ಚಿತ್ರ ಬಿಡಿಸಿದವರು ಆಸ್ಟ್ರೇಲಿಯಾದ ರಾಬರ್ಟ್ ಇಂಗ್‌ಪೆನ್. ಇಂಗ್‌ಪೆನ್ ಅವರಿಗೆ 1986ರಲ್ಲಿ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಈ ಪುಸ್ತಕದಲ್ಲಿ ಕಥೆಯಿಲ್ಲ, ನಾಯಕನಿಲ್ಲ. ಜೀವವಿರುವ ಪ್ರತಿಯೊಂದಕ್ಕೂ ಒಂದು ಆರಂಭ, ಒಂದು ಕೊನೆ, ನಡುವೆ ಬದುಕು ಇರುತ್ತದೆ ಎಂದಷ್ಟೇ ಅದು ಹೇಳುತ್ತದೆ. ಪುಟ ತಿರುಗಿಸಿದಂತೆ ಮರ, ಗಿಡ, ಚಿಟ್ಟೆ, ಹಕ್ಕಿ, ಮೀನು, ಕೊನೆಗೆ ಮನುಷ್ಯ ಹೀಗೆ ಒಂದೊಂದರ ಆಯುಷ್ಯ ಬರುತ್ತದೆ. ಮರಕ್ಕೆ ನೂರಾರು ವರ್ಷ, ಚಿಟ್ಟೆಗೆ ಕೆಲವು ವಾರ. ಕಡಿಮೆ ದಿನ ಬದುಕಿದ್ದು ಚಿಟ್ಟೆಯ ತಪ್ಪಲ್ಲ, ಅದರ ಆಯುಷ್ಯವೇ ಅಷ್ಟು. ಕಾಯಿಲೆ ಬಂದವರು, ಪೆಟ್ಟಾದವರು ಹೆಚ್ಚಾಗಿ ಗುಣವಾಗುತ್ತಾರೆ, ಕೆಲವೊಮ್ಮೆ ಮಾತ್ರ ದೇಹ ತಡೆದುಕೊಳ್ಳಲಾರದೆ ಸಾಯುತ್ತಾರೆ ಎಂಬ ವಿವರವೂ ಇದೆ. ಜ್ವರ ಬಂದರೆ ಸಾಯುತ್ತೇನೆ ಎಂದು ಹೆದರುವ ಮಗುವಿಗೆ ಈ ಒಂದು ಮಾತು ಎಷ್ಟು ಮುಖ್ಯ ಎಂದು ಯೋಚಿಸಿ.

ಸಾವು ಎಲ್ಲರಿಗೂ ಇದೆ ಎಂಬ ತಿಳಿವು ನಮಗೆ ಹೊಸದಲ್ಲ. ಕುರ್‌ಆನ್ ಇದನ್ನು ಆಲಿ ಇಮ್ರಾನ್, ಅಂಬಿಯಾ ಮತ್ತು ಅನ್ಕಬೂತ್ ಎಂಬ ಮೂರು ಅಧ್ಯಾಯಗಳಲ್ಲಿ ಹೇಳುತ್ತದೆ. ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೊರಟ ಕಿಸಾಗೌತಮಿಯ ಬೌದ್ಧ ಕಥೆಯ ತಿರುಳೂ ಇದೇ. 'ಲೈಫ್‌ಟೈಮ್ಸ್' ಅದನ್ನೇ ಮೂರು ವರ್ಷದ ಮಗುವಿಗೆ ಮೊಟ್ಟೆ, ಗಿಡ, ಚಿಟ್ಟೆ ತೋರಿಸಿ ಹೇಳುತ್ತದೆ.

ಸತ್ತ ಹಕ್ಕಿ, ಸತ್ತ ಬೆಕ್ಕು

ಪುಟ್ಟ ಮಕ್ಕಳು ಮೊದಲು ನೋಡುವ ಸಾವು ಹೆಚ್ಚಾಗಿ ಮನುಷ್ಯರದ್ದಲ್ಲ. ಹಿತ್ತಿಲಲ್ಲಿ ಬಿದ್ದ ಹಕ್ಕಿ, ಸಾಕಿದ ಬೆಕ್ಕು, ಕೋಳಿಮರಿ. ಅಮೆರಿಕದ ಮಾರ್ಗರೆಟ್ ವೈಸ್ ಬ್ರೌನ್ ಬರೆದ 'ದ ಡೆಡ್ ಬರ್ಡ್' ಇಂಥದ್ದೊಂದು ಪುಸ್ತಕ. ಬ್ರೌನ್ 1952ರಲ್ಲಿ, ನಲವತ್ತೆರಡನೇ ವಯಸ್ಸಿನಲ್ಲಿ ನಿಧನರಾದರು. ರೆಮಿ ಚಾರ್ಲಿಪ್ ಚಿತ್ರಗಳೊಂದಿಗೆ ಈ ಪುಸ್ತಕ ಬಂದದ್ದು 1958ರಲ್ಲಿ.

ಆಟವಾಡುತ್ತಿದ್ದ ಮಕ್ಕಳಿಗೆ ಒಂದು ಸತ್ತ ಹಕ್ಕಿ ಸಿಗುತ್ತದೆ. ಮುಟ್ಟಿ ನೋಡುತ್ತಾರೆ. ಎದೆ ಬಡಿದುಕೊಳ್ಳುತ್ತಿಲ್ಲ. ಮೈ ನಿಧಾನವಾಗಿ ತಣ್ಣಗಾಗುತ್ತದೆ, ಸೆಟೆದುಕೊಳ್ಳುತ್ತದೆ. ಮಕ್ಕಳು ಗುಂಡಿ ತೋಡಿ, ಎಲೆ ಹೂವು ಹಾಕಿ ಹೂಳುತ್ತಾರೆ, ಹಾಡುತ್ತಾರೆ, ಅಳುತ್ತಾರೆ. ಆಮೇಲೂ ದಿನಾ ಅಲ್ಲಿಗೆ ಹೋಗುತ್ತಾರೆ, ಮರೆಯುವ ತನಕ. ಮಕ್ಕಳು ಮತ್ತೆ ಆಟಕ್ಕೆ ಹೋದರು ಎಂಬುದನ್ನು ಪುಸ್ತಕ ತಪ್ಪೆಂದು ತೋರಿಸುವುದಿಲ್ಲ. ಸಾವಿನ ಮನೆಯಲ್ಲಿ ಮಗು ನಕ್ಕರೆ, ಆಡಿದರೆ ನಾವು ಗದರುತ್ತೇವಲ್ಲ, ಆಗ ಈ ಪುಸ್ತಕ ನೆನಪಾಗಬೇಕು. ಮಕ್ಕಳ ದುಃಖ ದೊಡ್ಡವರ ದುಃಖದಂತೆ ಒಂದೇ ಸಮನೆ ಇರುವುದಿಲ್ಲ. ಸ್ವಲ್ಪ ಅಳು, ಸ್ವಲ್ಪ ಆಟ, ಮತ್ತೆ ಅಳು.

ಜುಡಿತ್ ವಯೋರ್ಸ್ಟ್ ಬರೆದ, ಎರಿಕ್ ಬ್ಲೆಗ್ವಾಡ್ ಚಿತ್ರ ಬಿಡಿಸಿದ 'ದ ಟೆಂತ್ ಗುಡ್ ಥಿಂಗ್ ಅಬೌಟ್ ಬಾರ್ನಿ' 1971ರದ್ದು. ಬಾರ್ನಿ ಎಂಬ ಬೆಕ್ಕು ಸತ್ತಿದೆ. ಅದನ್ನು ಹೂಳುವಾಗ ಹೇಳಲು ಅದರ ಹತ್ತು ಒಳ್ಳೆಯ ಗುಣಗಳನ್ನು ನೆನಪು ಮಾಡಿಕೋ ಎಂದು ತಾಯಿ ಮಗನಿಗೆ ಹೇಳುತ್ತಾಳೆ. ಒಂಬತ್ತು ಸಿಗುತ್ತವೆ, ಹತ್ತನೆಯದು ಸಿಗುವುದಿಲ್ಲ. ತೋಟದಲ್ಲಿ ತಂದೆಯ ಜೊತೆ ಬೀಜ ಹಾಕುವಾಗ, ಮಣ್ಣಿನಲ್ಲಿರುವ ಬಾರ್ನಿ ಹೂವು ಬೆಳೆಯಲು ನೆರವಾಗುತ್ತಿದೆ ಎಂದು ಹುಡುಗನಿಗೆ ತಿಳಿಯುತ್ತದೆ. ಅದೇ ಹತ್ತನೆಯದು.

ಇದೇ ಪುಸ್ತಕದಲ್ಲಿ ಹುಡುಗನಿಗೂ ಪಕ್ಕದ ಮನೆಯ ಹುಡುಗಿಗೂ ಜಗಳವಾಗುತ್ತದೆ. ಬಾರ್ನಿ ಸ್ವರ್ಗದಲ್ಲಿದೆ ಎಂದು ಅವಳು, ಇಲ್ಲ ಮಣ್ಣಿನಲ್ಲಿದೆ ಎಂದು ಇವನು. ಈ ಜಗಳವನ್ನು ಪುಸ್ತಕ ತೀರ್ಮಾನ ಮಾಡುವುದಿಲ್ಲ. ದೇಹಕ್ಕೆ ಏನಾಗುತ್ತದೆ ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತದೆ, ಅದರಾಚೆಗಿನದನ್ನು ಆಯಾ ಮನೆಯವರಿಗೆ ಬಿಡುತ್ತದೆ.

ಉಳಿದುಹೋಗುವವು

ಇಂಗ್ಲೆಂಡಿನ ಸೂಸನ್ ವಾರ್ಲಿ ಅವರ 'ಬ್ಯಾಜರ್ಸ್ ಪಾರ್ಟಿಂಗ್ ಗಿಫ್ಟ್ಸ್' 1984ರಲ್ಲಿ ಬಂತು. ಬ್ಯಾಜರ್ ಎಂದರೆ ಬಿಲದಲ್ಲಿ ವಾಸಿಸುವ, ಕಪ್ಪು ಬಿಳಿ ಪಟ್ಟೆಯ ಮುಖದ ಒಂದು ಪ್ರಾಣಿ. ಮುದಿ ಬ್ಯಾಜರ್ ಸತ್ತ ಮೇಲೆ ಗೆಳೆಯರಿಗೆ ತಡೆಯಲಾರದ ದುಃಖ. ಚಳಿಗಾಲ ಕಳೆದ ಮೇಲೆ ಅವರು ಒಟ್ಟಿಗೆ ಕುಳಿತು, ಬ್ಯಾಜರ್ ಯಾರಿಗೆ ಏನು ಕಲಿಸಿದ ಎಂದು ಮಾತಾಡುತ್ತಾರೆ. ಒಬ್ಬನಿಗೆ ಕಾಗದ ಕತ್ತರಿಸುವುದು, ಇನ್ನೊಬ್ಬನಿಗೆ ಮಂಜಿನ ಮೇಲೆ ಜಾರುವುದು, ಮತ್ತೊಬ್ಬನಿಗೆ ಟೈ ಕಟ್ಟುವುದು. ಕಲಿಸಿದ್ದೆಲ್ಲ ಅವರ ಬಳಿ ಉಳಿದಿದೆ. ಮನುಷ್ಯ ಸತ್ತ ಮೇಲೂ ಅವನಿಗೆ ಫಲ ತಲುಪಿಸುವ ಮೂರು ವಿಷಯಗಳಲ್ಲಿ ಪ್ರಯೋಜನಕಾರಿ ವಿದ್ಯೆಯೂ ಒಂದು ಎಂಬ ಹದೀಸನ್ನು ಕೇಳಿ ಬೆಳೆದವರಿಗೆ ಈ ಕಥೆ ಹತ್ತಿರವಾಗುತ್ತದೆ.

ಆದರೆ ಈ ಪುಸ್ತಕದಲ್ಲಿ ಒಂದು ತೊಡಕಿದೆ. ಸಾಯುವುದನ್ನು ಅದು ಉದ್ದನೆಯ ಸುರಂಗದೊಳಗೆ ಹೋಗುವುದು ಎಂದು ಹೇಳುತ್ತದೆ. ರೈಲಿನಲ್ಲಿ ಸುರಂಗ ದಾಟಿದ ಮಗು, ಬ್ಯಾಜರ್ ಆ ಕಡೆಯಿಂದ ಹೊರಬಂದನೇ ಎಂದು ಕೇಳಿದರೆ ಆಶ್ಚರ್ಯವಿಲ್ಲ. ಓದಿ ಹೇಳುವವರು ಅಲ್ಲಿ ನಿಂತು, "ಬ್ಯಾಜರ್ ಸತ್ತುಹೋದ" ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಜರ್ಮನಿಯ ವುಲ್ಫ್ ಎರ್ಲ್‌ಬ್ರುಖ್ 2007ರಲ್ಲಿ ಪ್ರಕಟಿಸಿದ ಬಾತುಕೋಳಿ, ಸಾವು ಮತ್ತು ಟುಲಿಪ್ ಹೂವಿನ ಕಥೆಯಲ್ಲಿ ಸಾವೇ ಒಂದು ಪಾತ್ರ. ಬಾತುಕೋಳಿಯೂ ಸಾವೂ ಜೊತೆಯಾಗಿ ಕೊಳಕ್ಕೆ ಹೋಗುತ್ತವೆ, ಮರ ಹತ್ತಿ ಕೂರುತ್ತವೆ, ಮಾತಾಡುತ್ತವೆ. ಕೊನೆಗೆ ಹಿಮ ಬೀಳುವ ದಿನ ಬಾತುಕೋಳಿ ಸಾಯುತ್ತದೆ. ಸಾವು ಅದನ್ನು ನದಿಯ ನೀರಿನ ಮೇಲೆ ಮೆಲ್ಲಗೆ ತೇಲಿಬಿಟ್ಟು, ಮೇಲೊಂದು ಹೂವಿಡುತ್ತದೆ. ಇದನ್ನು ಮೆಚ್ಚಿದವರು ಬಹಳ. ಆದರೂ ಇದು ಎಲ್ಲ ಮನೆಗಳಿಗೂ ಒಗ್ಗುವ ಪುಸ್ತಕವಲ್ಲ. ಇಲ್ಲಿ ಸಾವಿಗೆ ತಲೆಬುರುಡೆಯ ಮುಖವಿದೆ. ಮಲಕುಲ್ ಮೌತ್‌ನ ಬಗ್ಗೆ ಕೇಳಿರುವ, ಆದರೆ ಮಲಕ್‌ಗಳ ಚಿತ್ರ ಬರೆಯದ ನಮ್ಮ ಮನೆಗಳಲ್ಲಿ ಪುಟ್ಟ ಮಗುವಿಗೆ ಇದು ಗೊಂದಲ ತರಬಹುದು. ಹೆಸರುವಾಸಿ ಎಂಬ ಒಂದೇ ಕಾರಣಕ್ಕೆ ಯಾವ ಪುಸ್ತಕವನ್ನೂ ಮಗುವಿನ ಕೈಗೆ ಕೊಡಬೇಕಿಲ್ಲ. ಮೊದಲು ನಾವು ಓದಬೇಕು.

ನಮ್ಮ ವಯಸ್ಸಿನವರು ತಮಗಾಗಿಯೇ ಓದಬೇಕಾದ ಒಂದು ಚಿತ್ರಪುಸ್ತಕವೂ ಇದೆ. ಇಂಗ್ಲೆಂಡಿನ ಮಕ್ಕಳ ಕವಿ ಮೈಕೆಲ್ ರೋಸೆನ್ ಅವರ ಮಗ ಎಡ್ಡಿ 1999ರಲ್ಲಿ ಮೆನಿಂಜೊಕಾಕಲ್ ಸೋಂಕಿನಿಂದ ತೀರಿಕೊಂಡ. ಅವನಿಗೆ ಆಗ 18 ವರ್ಷ. ರೋಸೆನ್ 2004ರಲ್ಲಿ 'ಸ್ಯಾಡ್ ಬುಕ್' ಬರೆದರು. ಚಿತ್ರ ಬಿಡಿಸಿದವರು ಕ್ವೆಂಟಿನ್ ಬ್ಲೇಕ್. ಮೊದಲ ಪುಟದಲ್ಲಿ ರೋಸೆನ್ ಹಲ್ಲು ಬಿಟ್ಟು ನಗುತ್ತಿದ್ದಾರೆ. ಪಕ್ಕದ ಬರಹ ಓದಿದರೆ, ದುಃಖದಲ್ಲಿರುವಾಗ ಅವರು ಬೇರೆಯವರಿಗೆ ತೋರಿಸುವ ಮುಖ ಅದು ಎಂದು ಗೊತ್ತಾಗುತ್ತದೆ. ದೊಡ್ಡವರೂ ಅಳುತ್ತಾರೆ, ಕೆಲವೊಮ್ಮೆ ಸುಮ್ಮನೆ ಸಿಟ್ಟು ಮಾಡುತ್ತಾರೆ, ಅದಕ್ಕೆ ಮಗು ಕಾರಣವಲ್ಲ ಎಂದು ಮಕ್ಕಳಿಗೆ ತಿಳಿಸುವ ಪುಸ್ತಕ ಇದು.

ನಮ್ಮಲ್ಲೇ ಇರುವ ಪಾಠಗಳು

ಪುಟ್ಟ ಮಕ್ಕಳೊಡನೆ ಸಾವಿನ ಮಾತಾಡುವುದು ಪಾಶ್ಚಾತ್ಯರ ಹೊಸ ಕಲ್ಪನೆ ಎಂದು ಯಾರಿಗಾದರೂ ಅನ್ನಿಸಿದರೆ ಅದು ಸರಿಯಲ್ಲ. ಕನ್ನಡ ಶಾಲೆಯಲ್ಲಿ ಕಲಿತವರೆಲ್ಲರಿಗೂ 'ಗೋವಿನ ಹಾಡು' ಗೊತ್ತು. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿನಂತೆ ಸಾಯಲು ಹೊರಡುವ ಮುನ್ನ ಕರುವಿನ ಬಳಿ ಬರುತ್ತಾಳೆ. ಯಾವುದನ್ನೂ ಮುಚ್ಚಿಡುವುದಿಲ್ಲ. ಕರು ತನ್ನ ಹಾಲಿನ ಬಗ್ಗೆ, ಮಲಗುವ ಜಾಗದ ಬಗ್ಗೆ ಕೇಳುತ್ತದೆ. ತಾಯಿಯನ್ನು ಕಳೆದುಕೊಳ್ಳುವ ಮಗುವಿನ ಮೊದಲ ಚಿಂತೆ ಇದೇ: ಇನ್ನು ನನ್ನನ್ನು ನೋಡಿಕೊಳ್ಳುವವರು ಯಾರು? ಪುಣ್ಯಕೋಟಿ ಅದಕ್ಕೆ ಉತ್ತರವನ್ನೂ ಕೊಡುತ್ತಾಳೆ. ಜೊತೆಯ ಹಸುಗಳನ್ನು ಕರೆದು, ಕರುವನ್ನು ಅವರಿಗೆ ಒಪ್ಪಿಸುತ್ತಾಳೆ. ಸತ್ಯ ಹೇಳುವುದು, ಆಮೇಲೆ ಆಸರೆ ತೋರಿಸುವುದು. ಮಕ್ಕಳ ತಜ್ಞರು ಇಂದು ಹೇಳುವುದೂ ಇವೆರಡನ್ನೇ.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲೂ ಇಂಥ ಪ್ರಸಂಗಗಳಿವೆ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಆಟವಾಡಲು ಒಂದು ಚಿಕ್ಕ ಹಕ್ಕಿ ಇತ್ತು. ಅದು ಸತ್ತು ಹುಡುಗ ಸಪ್ಪಗಿದ್ದಾಗ ಪ್ರವಾದಿವರ್ಯರು(ಸ) ಅವನನ್ನು ದೊಡ್ಡವರನ್ನು ಕರೆದಂತೆ 'ಅಬೂ ಉಮೈರ್' ಎಂದೇ ಕರೆದು, ಆ ಹಕ್ಕಿಯ ಬಗ್ಗೆಯೇ ವಿಚಾರಿಸಿದರು. ಒಂದು ಹಕ್ಕಿಗಾಗಿ ಅಳಬೇಕೇ ಎನ್ನಲಿಲ್ಲ. ಮಾತು ಬದಲಿಸಲಿಲ್ಲ. ಹಸುಗೂಸಾಗಿದ್ದ ತಮ್ಮ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರು(ಸ) ಕಣ್ಣೀರಿಟ್ಟರು. ನೋಡಿದವರು ಅಚ್ಚರಿಪಟ್ಟಾಗ, ಅದು ಕರುಣೆ ಎಂದು ತಿಳಿಸಿದರು. "ಅಳಬೇಡ, ಗಂಡಸರು ಅಳಬಾರದು" ಎಂದು ಐದು ವರ್ಷದ ಹುಡುಗನಿಗೆ ಹೇಳುವವರು ಈ ಪ್ರಸಂಗವನ್ನು ನೆನಪಿಡಬೇಕು.

ಕುರ್‌ಆನಿನ ಮಾಇದಾ ಅಧ್ಯಾಯದಲ್ಲಿ ಆದಮರ ಮಗನೊಬ್ಬ ತಮ್ಮನನ್ನು ಕೊಂದು, ಶವವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ ಪ್ರಸಂಗವಿದೆ. ನೆಲವನ್ನು ಕೆದಕುವ ಕಾಗೆಯನ್ನು ನೋಡಿ ಅವನು ಹೂಳುವುದನ್ನು ಕಲಿಯುತ್ತಾನೆ. ಸತ್ತವರ ದೇಹವನ್ನು ಗೌರವದಿಂದ ಮಣ್ಣಿಗೊಪ್ಪಿಸುವ ಪಾಠ ಮನುಷ್ಯನಿಗೆ ಸಿಕ್ಕಿದ್ದು ಒಂದು ಹಕ್ಕಿಯಿಂದ.

ನಂಬಿಕೆಯ ಮಾತು ಎಲ್ಲಿ ಬರಬೇಕು?

ಈ ಪುಸ್ತಕಗಳಲ್ಲಿ ಬಹುಪಾಲು ಪರಲೋಕದ ಬಗ್ಗೆ ಏನೂ ಹೇಳುವುದಿಲ್ಲ. ಹಾಗಾದರೆ ನಮ್ಮ ಮನೆಗಳಲ್ಲಿ ಇವನ್ನು ಓದಬಹುದೇ? ಓದಬಹುದು. ಪುಸ್ತಕ ದೇಹದ ವಿಷಯವನ್ನು ಹೇಳಲಿ, ರೂಹ್ ಮತ್ತು ಆಖಿರತ್‌ನ ವಿಷಯವನ್ನು ನಾವು ಹೇಳೋಣ. ಬೇರೆ ಧರ್ಮದ ಗೆಳೆಯರು ತಮ್ಮ ಮನೆಯ ನಂಬಿಕೆಯಂತೆ ಹೇಳಲಿ.

ಇಲ್ಲಿ ಕ್ರಮ ಮುಖ್ಯ. "ಅಲ್ಲಾಹ್ ದಾದಿಯನ್ನು ಕರೆಸಿಕೊಂಡ" ಎಂದು ಮೊದಲೇ ಹೇಳಿ ನಿಲ್ಲಿಸಿದರೆ, ಮಗು ಅದನ್ನೂ ಕೇಳಿದ ಹಾಗೆಯೇ ತೆಗೆದುಕೊಳ್ಳುತ್ತದೆ. ಯಾಕೆ ಕರೆಸಿಕೊಂಡ, ನಾಳೆ ಅಮ್ಮಿಯನ್ನೂ ಕರೆಸಿಕೊಳ್ಳುತ್ತಾನಾ, ಒಳ್ಳೆಯವರನ್ನೇ ಕರೆಸಿಕೊಳ್ಳುವುದಾದರೆ ನಾನು ಒಳ್ಳೆಯವನಾಗಬಾರದಾ ಎಂದು ಲೆಕ್ಕ ಹಾಕುತ್ತದೆ. ಅಲ್ಲಾಹನ ಬಗ್ಗೆ ಮಗುವಿಗೆ ಮೂಡುವ ಮೊದಲ ಭಾವನೆ ಭಯವಾಗಬೇಕೆಂದು ನಾವ್ಯಾರೂ ಬಯಸುವುದಿಲ್ಲ. ಅದರ ಬದಲು, "ದಾದಿಗೆ ತುಂಬಾ ವಯಸ್ಸಾಗಿತ್ತು. ಅವರ ಹೃದಯ ಕೆಲಸ ಮಾಡೋದು ನಿಲ್ಲಿಸಿತು. ಅವರು ಸತ್ತಿದ್ದಾರೆ. ಅವರಿಗೆ ಈಗ ನೋವು ಆಗಲ್ಲ. ಅವರು ವಾಪಸ್ ಬರಲ್ಲ. ಅವರಿಗೋಸ್ಕರ ನಾವು ದುಆ ಮಾಡಬಹುದು" ಎಂದು ಹೇಳಿದರೆ ಮೂರು ವಿಷಯಗಳಲ್ಲಿ ಎರಡು ಇದರಲ್ಲೇ ಬಂದವು. ಕೊನೆಯಲ್ಲಿ ಮಗುವಿಗೆ ಮಾಡಲು ಒಂದು ಕೆಲಸವೂ ಸಿಕ್ಕಿತು. ಮೂರನೆಯದನ್ನು ಮಗು ತಾನಾಗಿಯೇ ಕೇಳುತ್ತದೆ: "ನೀನೂ ಸಾಯ್ತೀಯಾ?"

ಆ ಪ್ರಶ್ನೆಗೆ "ಇಲ್ಲ" ಎನ್ನುವುದು ಸುಳ್ಳು. "ಹೌದು" ಎಂದಷ್ಟೇ ಹೇಳುವುದು ಕಠೋರ. "ಎಲ್ಲರೂ ಒಂದು ದಿನ ಸಾಯ್ತಾರೆ. ಆದ್ರೆ ಇನ್‌ಷಾ ಅಲ್ಲಾಹ್ ನಾನು ತುಂಬಾ ವರ್ಷ ನಿನ್ನ ಜೊತೆ ಇರ್ತೇನೆ. ನಿನ್ನನ್ನು ನೋಡಿಕೊಳ್ಳೋಕೆ ಅಬ್ಬು ಇದ್ದಾರೆ, ಚಾಚಾ ಇದ್ದಾರೆ, ನಾನಿ ಇದ್ದಾರೆ" ಎನ್ನಬಹುದು. ದಿನಕ್ಕೆ ಹತ್ತು ಸಲ ನಾವು ಬಳಸುವ ಇನ್‌ಷಾ ಅಲ್ಲಾಹ್ ಎಂಬ ಮಾತಿಗೆ ಇಲ್ಲಿ ಅದರ ಪೂರ್ತಿ ಅರ್ಥವಿದೆ.

ಓದಿ ಹೇಳುವಾಗ

ಸಾವಾದ ದಿನವೇ ಪುಸ್ತಕ ಹಿಡಿದು ಕೂರುವ ಅಗತ್ಯವಿಲ್ಲ. ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ಇಂಥ ಪುಸ್ತಕಗಳನ್ನು ಬೇರೆ ಕಥೆಗಳ ಜೊತೆ ಓದಿರುವುದು ಒಳ್ಳೆಯದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬರಹಕ್ಕಿಂತ ಚಿತ್ರಕ್ಕೆ ಹೆಚ್ಚು ಸಮಯ ಕೊಡಬೇಕು. ಮಗು ಪುಟ ಹಾರಿಸಿದರೆ ಹಾರಿಸಲಿ, ಒಂದೇ ಪುಟವನ್ನು ಹತ್ತು ಸಲ ಓದಿಸಿದರೆ ಓದಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಅದೇ ಪ್ರಶ್ನೆ ಮರುದಿನ, ಮುಂದಿನ ವಾರ ಮತ್ತೆ ಬಂದರೆ ಅದೇ ಉತ್ತರ ಕೊಡಬೇಕು. ಒಬ್ಬರು ಸತ್ತಿದ್ದಾರೆ ಎಂದು, ಇನ್ನೊಬ್ಬರು ಮಲಗಿದ್ದಾರೆ ಎಂದು ಹೇಳಿದರೆ ಮಗು ಇಬ್ಬರನ್ನೂ ನಂಬುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಅಬ್ಬು ಹತ್ರ ಕೇಳೋಣ" ಎನ್ನುವುದರಲ್ಲಿ ತಪ್ಪೇನೂ ಇಲ್ಲ. ತಿಂಗಳುಗಟ್ಟಲೆ ಮಗು ಊಟ, ನಿದ್ದೆ, ಆಟ ಎಲ್ಲ ಬಿಟ್ಟಿದ್ದರೆ ಅದು ಪುಸ್ತಕದಿಂದ ಆಗುವ ಕೆಲಸವಲ್ಲ, ವೈದ್ಯರಿಗೆ ತೋರಿಸಬೇಕು.

ಪುಸ್ತಕಗಳು ಎಲ್ಲಿ ಸಿಗುತ್ತವೆ ಎಂಬ ಪ್ರಶ್ನೆ ಸಹಜ. ಮೇಲೆ ಹೇಳಿದವು ಇಂಗ್ಲಿಷ್‌ನಲ್ಲಿ ದೊರೆಯುತ್ತವೆ. ಭಾರತದಲ್ಲೇ ಬಂದ ಪುಸ್ತಕಗಳೂ ಇವೆ. ಚೆನ್ನೈನ ತೂಲಿಕಾ ಪ್ರಕಾಶನ ಹೊರತಂದ, ಚತುರಾ ರಾವ್ ಬರೆದ 'ಗಾನ್ ಗ್ರ್ಯಾಂಡ್‌ಮದರ್'ನಲ್ಲಿ ನೀನಾ ಎಂಬ ಹುಡುಗಿ ಇಲ್ಲವಾದ ಅಜ್ಜಿ ಎಲ್ಲಿ ಎಂದು ಹುಡುಕುತ್ತಾಳೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಮಕ್ಕಳ ಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು. ಅಲ್ಲಿರುವ ಪುಸ್ತಕಗಳನ್ನು ನಾವೇ ಬೇರೆ ಭಾಷೆಗೆ ಅನುವಾದ ಮಾಡಿಯೂ ಹಾಕಬಹುದು. ಕನ್ನಡ, ಉರ್ದು ಎರಡೂ ಬಲ್ಲವರು ನಮ್ಮ ತರಗತಿಗಳಲ್ಲಿ ಸಾಕಷ್ಟು ಜನರಿದ್ದಾರೆ.

ಪುಸ್ತಕ ಸಿಗದಿದ್ದರೆ ಕೈಯಾರೆ ಮಾಡಬಹುದು. ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಚಿ ಹೊಲಿದರೆ ಹದಿನಾರು ಪುಟದ ಪುಸ್ತಕವಾಗುತ್ತದೆ. ಒಂದು ಪುಟದಲ್ಲಿ ದಾದಿ ಬಳಸುತ್ತಿದ್ದ ಎಲೆಯಡಿಕೆಯ ಡಬ್ಬಿ, ಇನ್ನೊಂದರಲ್ಲಿ ಅವರ ಕನ್ನಡಕ, ಮತ್ತೊಂದರಲ್ಲಿ ಅವರು ಕಲಿಸಿದ ದುಆ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ಒಂದು ಪುಟದಲ್ಲಿ ಮಾತ್ರ "ದಾದಿ ಸತ್ತಿದ್ದಾರೆ" ಎಂಬ ಮಾತು ಸ್ಪಷ್ಟವಾಗಿರಲಿ. ಉಳಿದದ್ದನ್ನು ಮಗುವೇ ಬರೆಯಲಿ.

ಅಷ್ಟಕ್ಕೂ ಸಾವಿನವರೆಗೆ ಕಾಯಬೇಕಿಲ್ಲ. ಮುಂದಿನ ಸಲ ನಿಮ್ಮ ತಮ್ಮನೋ ತಂಗಿಯೋ ಸತ್ತ ಚಿಟ್ಟೆಯನ್ನೋ ಕೋಳಿಮರಿಯನ್ನೋ ಎತ್ತಿಕೊಂಡು ಬಂದಾಗ "ಛೀ, ಬಿಸಾಕು" ಎನ್ನಬೇಡಿ. ಇಬ್ಬರೂ ಕೂತು ಅದನ್ನು ನೋಡಿ. ಅದು ಇನ್ನು ಹಾರುವುದಿಲ್ಲ, ಅದಕ್ಕೆ ನೋವೂ ಆಗುವುದಿಲ್ಲ ಎಂದು ಹೇಳಿ. ಹಿತ್ತಿಲಲ್ಲಿ ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡು ಒಳಗೆ ಬನ್ನಿ. ಆಮೇಲೆ ಮಗು ಏನಾದರೂ ಕೇಳುತ್ತದೆ. ಕೇಳಿದಷ್ಟಕ್ಕೆ ನಿಜ ಹೇಳಿ.